ಉತ್ತರ ಗೊತ್ತಿಲ್ಲದ ಭೂಗೋಳದ ಮೇಡಂ

ಹೋದ ತಿಂಗಳು ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಪುರೋಹಿತರು ಮಣೆ ಹಾಕುವ ಮೊದಲು ನಡುಮನೆಯಲ್ಲಿ ನಿಂತು, "ಪೂರ್ವ ಯಾವ ಕಡೆ ಬರತ್ತಮ್ಮಾ?" ಎಂದು ಕೇಳಿದರು. ನಮ್ಮ ಯಜಮಾನರು ಬೀದಿ ಬಾಗಿಲು ತೋರಿಸಿದರು. ಅತ್ತೆ ದೇವರ ಗೂಡು ತೋರಿಸಿದರು. ಪುರೋಹಿತರು ತಮ್ಮ ಮೊಬೈಲು ತೆಗೆದು ಅತ್ತಿತ್ತ ತಿರುಗಿಸಿ, ಕೊನೆಗೆ ಅನುಮಾನದಿಂದ ಬಚ್ಚಲುಮನೆಯ ಕಡೆ ನೋಡಿದರು. ನಾನು ಒಳಗೆ ಹೋಗಿ, ವ್ಯಾನಿಟಿ ಬ್ಯಾಗಿನಿಂದ ದಿಕ್ಸೂಚಿ ತಂದು ಅಂಗೈ ಮೇಲಿಟ್ಟುಕೊಂಡು, ಮುಳ್ಳು ಅಲುಗಾಟ ನಿಲ್ಲಿಸುವವರೆಗೆ ಕಾದು, "ಅಡುಗೆಮನೆ ಕಿಟಕಿ ಕಡೆ" ಎಂದೆ.

"ಇದನ್ನೆಲ್ಲ ಬ್ಯಾಗಲ್ಲಿ ಇಟ್ಕೊಂಡು ಓಡಾಡ್ತೀರಾ?" ಎಂದರು ಪುರೋಹಿತರು.

"ಮನೆ ಬೀಗದ ಕೈ ಮರೆತು ಹೋಗ್ತಾಳೆ ಸ್ವಾಮಿ, ಇದನ್ನ ಮಾತ್ರ ಮರೆಯಲ್ಲ" ಎಂದರು ನಮ್ಮವರು.

ಮಣೆ ಅಡುಗೆಮನೆ ಕಿಟಕಿಯ ಕಡೆಗೇ ಬಿತ್ತು. ಪೂಜೆ ಮುಗಿಯುವವರೆಗೂ ನನ್ನ ಮುಖದಲ್ಲಿ ಒಂದು ಜಂಬ ಇತ್ತಂತೆ. ಇದ್ದಿರಬಹುದು. ಆದರೆ ಈ ಜಂಬಕ್ಕೆ ಎರಡು ವರ್ಷವೂ ತುಂಬಿಲ್ಲ. ಅದಕ್ಕೂ ಮೊದಲು ಐವತ್ತು ವರ್ಷ ನಾನು ಅಕ್ಷರಶಃ ದಿಕ್ಕೆಟ್ಟು ಬದುಕಿದವಳು.

ನಾನು ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಿ. ಅಡ್ಡಕ್ಕೆ ಕ್ರಾಸು, ಉದ್ದಕ್ಕೆ ಮೇನು, ಎಲ್ಲಕ್ಕೂ ನಂಬರು. ಒಂದರಿಂದ ಇಪ್ಪತ್ತರವರೆಗೆ ಎಣಿಸಲು ಬಂದರೆ ಸಾಕು, ಮಲ್ಲೇಶ್ವರದಲ್ಲಿ ಕಳೆದುಹೋಗಲು ಸಾಧ್ಯವಿಲ್ಲ ಎಂದು ದೊಡ್ಡವರು ಹೇಳುತ್ತಿದ್ದರು. ನಾನು ಕಳೆದುಹೋದೆ. ಏಳು ವರ್ಷ ಇರಬೇಕು. ಹದಿನೈದನೇ ಕ್ರಾಸಿನ ನಮ್ಮ ಮನೆಯಿಂದ ಹನ್ನೊಂದನೇ ಕ್ರಾಸಿನ ಸೋದರತ್ತೆಯ ಮನೆಗೆ ಒಂದು ಡಬ್ಬಿ ಹುಳಿಪುಡಿ ಕೊಟ್ಟು ಬಾ ಎಂದು ಅಮ್ಮ ಕಳಿಸಿದ್ದಳು. ನಾನು ಜಾಣೆ, ಎಣಿಸುತ್ತಲೇ ಹೋದೆ. ಆದರೆ ಹದಿನಾರು, ಹದಿನೇಳು ಎಂದು ಮೇಲಕ್ಕೆ ಎಣಿಸಿದೆ. ಹದಿನೆಂಟಾದ ಮೇಲೆ ಹನ್ನೊಂದು ಬಂದೇ ಬರುತ್ತದೆ ಎಂದು ಯಾಕೆ ನಂಬಿದ್ದೆನೋ ಈಗಲೂ ತಿಳಿಯದು. ಕೊನೆಗೆ ಒಂದು ಹಿಟ್ಟಿನ ಗಿರಣಿಯ ಜಗಲಿ ಮೇಲೆ ಕೂತು ಅಳತೊಡಗಿದೆ. ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿದ್ದ ಗಿರಣಿಯಾತ ಹೊರಗೆ ಬಂದು ನೋಡಿ, ಮೆಷಿನ್ನು ನಿಲ್ಲಿಸಿ, "ಯಾರ್ ಮನೆ ಮಗು ನೀನು?" ಎಂದ. ಅವನನ್ನು ನೋಡಿ ನನ್ನ ಅಳು ಇನ್ನೂ ಜೋರಾಯಿತು.

ಅಪ್ಪ ಸೈಕಲ್ಲಿನಲ್ಲಿ ಬಂದು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನನಗೆ ದಾರಿ ಕಲಿಸಿದರು. "ನೋಡು, ಇಲ್ಲೊಂದು ನೇರಳೆ ಮರ ಇತ್ತು. ಅದು ಬಂತು ಅಂದ್ರೆ ಎಡಕ್ಕೆ ತಿರುಗ್ಬೇಕು." ಮರ ಎಲ್ಲಿ ಎಂದು ಕೇಳಿದೆ. "ಕಡಿದುಬಿಟ್ರು, ನೀನು ಹುಟ್ಟೋಕೆ ಮುಂಚೆ" ಎಂದರು. ಇಂಥ ವಂಶದಲ್ಲಿ ಹುಟ್ಟಿದವಳಿಗೆ ದಿಕ್ಕು ಎಲ್ಲಿಂದ ಬರಬೇಕು ಹೇಳಿ.

ಮದುವೆಯಾಗಿ ಚಾಮರಾಜಪೇಟೆಗೆ ಬಂದೆ. ಇಲ್ಲೇ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾದೆ. ಸಮಾಜ ವಿಜ್ಞಾನ ಎಂದರೆ ಅದರಲ್ಲಿ ಭೂಗೋಳವೂ ಸೇರಿತು. ಇಪ್ಪತ್ತಾರು ವರ್ಷ ಕಪ್ಪುಹಲಗೆಯ ಮೇಲೆ ಭಾರತದ ನಕ್ಷೆ ಬರೆದು, "ಮೇಲೆ ಉತ್ತರ, ಕೆಳಗೆ ದಕ್ಷಿಣ" ಎಂದು ಹೇಳಿದ್ದೇನೆ. ಒಮ್ಮೆ ಒಂದು ಹುಡುಗಿ ಎದ್ದುನಿಂತು, "ಹಾಗಾದ್ರೆ ಫ್ಯಾನ್ ಇರೋ ಕಡೆ ಉತ್ತರಾನಾ ಮೇಡಂ?" ಎಂದು ಕೇಳಿದಳು. ಕೂತ್ಕೋ ಎಂದೆ. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಹೀಗಿರುವಾಗ ಹೋದ ವರ್ಷ ನಮ್ಮ ಶಾಲೆಯ ಕೆಡೆಟ್ ದಳದ ಉಸ್ತುವಾರಿ ನನ್ನ ಹೆಗಲಿಗೆ ಬಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಕಿಗೆ ವರ್ಗವಾಗಿತ್ತು. ಅದೇ ವಾರ ಒಂದು ಸುತ್ತೋಲೆ ಬಂತು. ನಗರದ ಶಾಲೆಗಳ ಕೆಡೆಟ್‌ಗಳಿಗೆ ಓರಿಯಂಟೀರಿಂಗ್ ಸ್ಪರ್ಧೆ, ಇಬ್ಬಿಬ್ಬರ ತಂಡ, ಗೆದ್ದ ಮೊದಲ ಮೂರು ಜೋಡಿಗಳು ರಾಜ್ಯದ ಶಿಬಿರಕ್ಕೆ. ನಮ್ಮ ಮುಖ್ಯೋಪಾಧ್ಯಾಯಿನಿ ಸುತ್ತೋಲೆಯನ್ನು ಓದಿ, "ಓರಿಯಂಟೇಷನ್ ಪ್ರೋಗ್ರಾಂ ಇರ್ಬೇಕು ಕಣ್ರೀ. ಎಷ್ಟು ಜನಕ್ಕೆ ಕಾಫಿ ಹೇಳ್ಬೇಕು ಕೇಳಿ" ಎಂದರು. ನಾನೂ ಕೇಳಿದೆ. ಫೋನಿನ ಆ ಕಡೆಯವರು, "ಕಾಫಿ ಅಲ್ಲ ಮೇಡಂ, ಓಡೋಕೆ ಬೂಟು ಹೇಳಿ" ಎಂದರು.

ಆಮೇಲೆ ವಿಷಯ ತಿಳಿಯಿತು. ಒಂದು ಕಾಡೋ ತೋಪೋ ಇರುತ್ತದೆ. ಅದರೊಳಗೆ ಅಲ್ಲಲ್ಲಿ ಅರ್ಧ ಕಿತ್ತಳೆ, ಅರ್ಧ ಬಿಳಿ ಬಣ್ಣದ ಪುಟ್ಟ ಬಾವುಟಗಳನ್ನು ಕಟ್ಟಿರುತ್ತಾರೆ. ಮಕ್ಕಳ ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ, ಒಂದು ಕಾರ್ಡು. ನಕ್ಷೆ ನೋಡಿಕೊಂಡು ಬಾವುಟಗಳನ್ನು ಒಂದಾದ ಮೇಲೆ ಒಂದರಂತೆ ಹುಡುಕಿ, ಅಲ್ಲಿ ತೂಗುಬಿಟ್ಟ ಪಂಚಿನಿಂದ ಕಾರ್ಡಿಗೆ ತೂತು ಹಾಕಿಕೊಂಡು, ಹೇಳಿದ ಹೊತ್ತಿನೊಳಗೆ ವಾಪಸು ಬರಬೇಕು. ಒಂದು ಬಾವುಟ ತಪ್ಪಿದರೂ ತಂಡ ಹೊರಕ್ಕೆ. ಜೋಡಿಯಲ್ಲಿ ಇಬ್ಬರೂ ಒಟ್ಟಿಗೆ ಕೊನೆಯ ಗೆರೆ ದಾಟಬೇಕು. ಇದನ್ನು ಓದಿ ಮುಗಿಸಿದಾಗ ನನಗೆ ಹಿಟ್ಟಿನ ಗಿರಣಿಯವನ ಹುಬ್ಬು ಕಣ್ಣಮುಂದೆ ಬಂತು.

ಕಲಿಸಲು ಹವಾಲ್ದಾರ್ ಮಲ್ಲಪ್ಪ ಎಂಬವರನ್ನು ಕಳಿಸಿದರು. ಬಾಗಲಕೋಟೆ ಕಡೆಯವರು, ಸಣ್ಣ ಆಳು, ದೊಡ್ಡ ಮೀಸೆ. ಮೊದಲ ದಿನ ಶಾಲೆಯ ಅಂಗಳದಲ್ಲಿ ನಕ್ಷೆ ಹಿಡಿದು, ಅದರಲ್ಲಿದ್ದ ಬಾಣಕ್ಕೆ ಸರಿಯಾಗಿ ನಿಲ್ಲಬೇಕೆಂದು ನಾನು ಗಾಣದೆತ್ತಿನಂತೆ ಸುತ್ತುತ್ತಿದ್ದೆ. ಅವರು ತಾಳ್ಮೆಯಿಂದ ನೋಡಿ, "ಮೇಡಂ, ನೀವ್ ಯಾಕ್ ತಿರಗ್ತೀರಿ? ನಕ್ಷಾ ತಿರಗಸ್ರಿ" ಎಂದರು. ನಕ್ಷೆ ತಿರುಗಿಸಿದೆ. ಶಾಲೆಯ ಗೇಟು ನಕ್ಷೆಯಲ್ಲೂ ಎದುರಿಗೇ ಬಂದು ನಿಂತಿತು. ಐವತ್ತು ವರ್ಷದಲ್ಲಿ ಮೊದಲ ಸಲ ನಾನೆಲ್ಲಿದ್ದೇನೆ ಎಂದು ನನಗೆ ಖಚಿತವಾಗಿ ಗೊತ್ತಾಯಿತು. ಹೈಸ್ಕೂಲು ಮಕ್ಕಳ ಮುಂದೆ ಕಣ್ಣೀರು ಹಾಕಬಾರದೆಂದು ಕರವಸ್ತ್ರ ಹುಡುಕಿದೆ.

ನಮ್ಮ ಶಾಲೆಯಿಂದ ಎರಡು ಜೋಡಿ ಆಯ್ಕೆ ಮಾಡಿದೆವು. ಅದರಲ್ಲಿ ಒಂದು ಜೋಡಿಯ ಕಥೆಯನ್ನೇ ನಾನು ಹೇಳಹೊರಟಿದ್ದು. ಭೂಮಿಕಾ ಮತ್ತು ಅನಘಾ, ಇಬ್ಬರೂ ಆಗ ಎಂಟನೇ ಕ್ಲಾಸು.

ಭೂಮಿಕಾಳ ತಾಯಿ ನಾಗರತ್ನಮ್ಮ ಚಾಮರಾಜಪೇಟೆಯಲ್ಲಿ ಸೊಪ್ಪು ಮಾರುತ್ತಾರೆ. ಬೆಳಗಿನ ಐದಕ್ಕೆ ಮಾರ್ಕೆಟ್ಟಿಗೆ ಹೋಗಿ ಸೊಪ್ಪಿನ ಕಟ್ಟು ತರುವಾಗ ಮಗಳೂ ಜೊತೆಗಿರುತ್ತಾಳೆ. ಹೀಗಾಗಿ ಭೂಮಿಕಾಳಿಗೆ ಈ ಪೇಟೆಗಳ ಗಲ್ಲಿಗಳೆಲ್ಲ ಅಂಗೈ ಗೆರೆಯಿದ್ದಂತೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳ ಮಧ್ಯೆ ಕಣ್ಣುಕಟ್ಟಿ ಬಿಟ್ಟರೂ ಮನೆಗೆ ಬರುತ್ತಾಳೆ. ನಕ್ಷೆ ಕೊಟ್ಟರೆ ಮಾತ್ರ ಮಡಿಸಿ ಜೇಬಿಗೆ ಹಾಕುತ್ತಾಳೆ. "ಇದೆಲ್ಲ ಯಾಕೆ ಮೇಡಂ, ಯಾರನ್ನಾದ್ರೂ ಕೇಳಿದ್ರೆ ಆಯ್ತಪ್ಪ."

ಅನಘಾ ಬಸವನಗುಡಿಯವಳು. ತಂದೆ ಪ್ರಸಾದ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಸ್ಕೂಟರಿನಲ್ಲಿ ತಂದುಬಿಟ್ಟು, ಸಂಜೆ ಸ್ಕೂಟರಿನಲ್ಲಿ ಕರೆದೊಯ್ಯುತ್ತಾರೆ. ಹದಿಮೂರು ವರ್ಷದ ಆ ಹುಡುಗಿ ಒಬ್ಬಳೇ ಒಂದು ರಸ್ತೆಯನ್ನೂ ದಾಟಿದವಳಲ್ಲ. ಆದರೆ ನಕ್ಷೆ ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹಾಳೆಯ ಮೇಲಿನ ಕಂದು ಗೆರೆ ನೋಡಿ, "ಇಲ್ಲಿ ಏರು ಇದೆ, ಆಮೇಲೆ ಸ್ವಲ್ಪ ಇಳಿಜಾರು" ಎಂದು ಮೆಲುದನಿಯಲ್ಲಿ ಹೇಳುತ್ತಿದ್ದಳು. ಮಲ್ಲಪ್ಪನವರು ಮೀಸೆ ತಿರುವಿಕೊಂಡು, "ಒಬ್ಬಾಕಿ ಕಾಲು, ಒಬ್ಬಾಕಿ ಕಣ್ಣು. ಜೋಡಿ ಛಲೋ ಆತು ಬಿಡ್ರಿ" ಎಂದರು. ನಾವಿಬ್ಬರೂ ಹಾಗೇ ನಂಬಿದೆವು.

ಅಭ್ಯಾಸಕ್ಕೆ ಬಸವನಗುಡಿಯ ಒಂದು ಉದ್ಯಾನವನ್ನು ಆರಿಸಿಕೊಂಡೆವು. ಮೊದಲ ಭಾನುವಾರ ಹತ್ತು ಬಾವುಟ ಕಟ್ಟಿದೆ. ಮಕ್ಕಳು ಓಡುವಷ್ಟರಲ್ಲಿ ಆರು ಉಳಿದಿದ್ದವು. ವಾಕಿಂಗಿಗೆ ಬಂದ ಹಿರಿಯರೊಬ್ಬರು ನಾಲ್ಕನ್ನು ಬಿಚ್ಚಿ, ನೀಟಾಗಿ ಮಡಿಸಿ, ನನ್ನ ಕೈಗೇ ತಂದುಕೊಟ್ಟರು. "ನೋಡಿಮ್ಮಾ, ಎಲೆಕ್ಷನ್ ಮುಗಿದು ಎಷ್ಟು ದಿನ ಆಯ್ತು, ಇನ್ನೂ ಬಾವುಟ ತೆಗೆದಿಲ್ಲ ಇವ್ರು" ಎಂದರು. ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ. ಇನ್ನೇನು ಹೇಳಲಿ.

ಆ ವರ್ಷದ ಸ್ಪರ್ಧೆ ನಡೆದದ್ದು ಮೈಸೂರು ರಸ್ತೆಯ ಆಚೆ, ಒಂದು ನೀಲಗಿರಿ ತೋಪಿನಲ್ಲಿ. ತೋಪಿನ ಆಚೆಗೆ ಕುರುಚಲು ಕಾಡು, ಬಂಡೆ, ಒಣಗಿದ ಹಳ್ಳ. ಏಳು ಬಾವುಟ, ತೊಂಬತ್ತು ನಿಮಿಷ. ಜೋಡಿಗಳನ್ನು ನಾಲ್ಕು ನಾಲ್ಕು ನಿಮಿಷದ ಅಂತರದಲ್ಲಿ ಬಿಟ್ಟರು. ನಮ್ಮ ಇನ್ನೊಂದು ಜೋಡಿ ಒಂದು ಬಾವುಟ ತಪ್ಪಿಸಿಕೊಂಡು ಬೇಗ ಬಂತು. ಭೂಮಿಕಾ, ಅನಘಾ ಬರಲಿಲ್ಲ. ತೊಂಬತ್ತು ನಿಮಿಷ ದಾಟಿತು. ಮೈಕಿನಲ್ಲಿ ಅವರ ಹೆಸರು ಕೂಗಿದರು. ನಾನು ತೋಪಿನ ಅಂಚಿನಲ್ಲಿ ನಿಂತು ಒಂದೇ ರೀತಿಯ ನೂರಾರು ಮರಗಳನ್ನು ನೋಡಿದೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಭೂಮಿಕಾ ಇಲ್ಲಿ ಯಾರನ್ನು ಕೇಳುತ್ತಾಳೆ ಎಂದು ಆಗ ನನಗೆ ಹೊಳೆಯಿತು. ಅದನ್ನು ಮೊದಲೇ ಯೋಚಿಸಬೇಕಾಗಿತ್ತು.

ಅವರು ಹೊರಟು ಎರಡು ಗಂಟೆಯಾಗುವ ಹೊತ್ತಿಗೆ ಭೂಮಿಕಾ ಬಂದಳು. ತೋಪಿನಿಂದಲ್ಲ, ನಮ್ಮ ಬೆನ್ನ ಹಿಂದಿನ ಡಾಂಬರು ರಸ್ತೆಯಿಂದ. ಒಬ್ಬಳೇ.

"ಅನಘಾ ಎಲ್ಲೇ?" ಎಂದೆ.

"ಬಂದಿಲ್ವಾ ಮೇಡಂ?" ಎಂದಳು.

ನಡೆದದ್ದು ಇಷ್ಟು. ಮೂರನೇ ಬಾವುಟದವರೆಗೆ ಜೊತೆಯಲ್ಲೇ ಹೋಗಿದ್ದಾರೆ. ನಾಲ್ಕನೆಯದಕ್ಕೆ ಒಂದು ಕಾಲುದಾರಿ ಕಂಡಿತು. ಭೂಮಿಕಾ, ಜನ ಓಡಾಡಿದ ದಾರಿ ಇದು, ಹೀಗೇ ಹೋಗೋಣ ಎಂದಳು. ಅನಘಾ ನಕ್ಷೆ ತೋರಿಸಿ, ದಾರಿ ಬಿಟ್ಟು ಹಳ್ಳಕ್ಕೆ ಇಳಿಯಬೇಕು ಎಂದಳು. ಇವಳು ನಿನಗೇನೂ ಗೊತ್ತಿಲ್ಲ ಎಂದಳು, ಅವಳು ನಿನಗೆ ಓದೋಕೇ ಬರಲ್ಲ ಎಂದಳು. ಭೂಮಿಕಾ ಸಿಟ್ಟಿನಿಂದ ದಾರಿ ಹಿಡಿದು ಓಡಿದ್ದಾಳೆ. ದಾರಿ ಯಾವುದೋ ಕೆರೆ ಏರಿಗೆ ಹೋಯಿತು, ಏರಿಯಿಂದ ರಸ್ತೆಗೆ. ರಸ್ತೆಯಲ್ಲಿ ಯಾರನ್ನೋ ಕೇಳಿ ಇಲ್ಲಿಗೆ ಬಂದಿದ್ದಾಳೆ.

ಮಲ್ಲಪ್ಪನವರು ಬೈಯಲಿಲ್ಲ. ನೀರಿನ ಬಾಟಲಿ ತೆಗೆದುಕೊಂಡು, "ಹಿಂದಿನಿಂದ ಹುಡುಕೂಣ್ರಿ. ಕಡೀ ಬಾವುಟದಿಂದ ಸುರು ಮಾಡೂಣು" ಎಂದರು. ಭೂಮಿಕಾ ಅವರ ಮುಂದೆಯೇ ಓಡಿದಳು. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಮುಳ್ಳಿಗೆ ಸೆರಗು ಸಿಕ್ಕಿ ಹರಿಯಿತು. ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಏಳನೇ ಬಾವುಟ ಕಟ್ಟಿದ್ದ ಬಂಡೆಯ ನೆರಳಿನಲ್ಲಿ, ಮಂಡಿ ಮಡಚಿ, ಕ್ಲಾಸಿನಲ್ಲಿ ಕೂರುವಂತೆ ನೆಟ್ಟಗೆ ಅನಘಾ ಕೂತಿದ್ದಳು. ಮಡಿಲಲ್ಲಿ ಕಾರ್ಡು. ಏಳೂ ತೂತು ಬಿದ್ದಿದ್ದವು.

ನಾನು ಅವಳನ್ನು ತಬ್ಬಿಕೊಂಡು, "ಇಲ್ಲಿಂದ ಮೈಕು ಕೇಳ್ಸುತ್ತಲ್ಲೇ" ಎಂದೆ.

"ಕೇಳಿಸ್ತಿತ್ತು ಮೇಡಂ. ನಮ್ಮ ಹೆಸರು ಕೂಗ್ತಿದ್ರು."

"ಮತ್ತೆ ಬರೋಕೇನಾಗಿತ್ತು?"

"ಇಬ್ರೂ ಒಟ್ಟಿಗೆ ಗೆರೆ ದಾಟ್ಬೇಕು ಅಂತ ರೂಲ್ ಇದೆಯಲ್ಲ. ಭೂಮಿಕಾ ಈ ಬಾವುಟಕ್ಕಂತೂ ಬರ್ಲೇಬೇಕು, ಕಾಯೋಣ ಅಂತ ಕೂತಿದ್ದೆ."

ಭೂಮಿಕಾ ಅನಘಾಳ ಬ್ಯಾಗನ್ನು ತಾನೇ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು. ಮನೆಗೆ ಬರುವ ವ್ಯಾನಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರು.

ಅವತ್ತು ಸಂಜೆಯೇ ಪ್ರಸಾದ್ ಅವರ ಫೋನು ಬಂತು. ದನಿ ಏರಿಸುವ ಮನುಷ್ಯರಲ್ಲ ಅವರು. "ನಿಮ್ಮ ಮೇಲೆ ನಂಗೆ ಕೋಪ ಇಲ್ಲ ಮೇಡಂ. ಆದ್ರೆ ನಮ್ಮ ಹುಡುಗಿ ಒಂದು ಗಂಟೆ ಒಬ್ಬಳೇ ಕಾಡಲ್ಲಿದ್ಲು ಅಂದ್ರೆ, ಅದನ್ನ ನಾನು ಹೇಗೆ ತಗೋಬೇಕು ಹೇಳಿ. ನಾಳೆಯಿಂದ ಅವಳು ಕೆಡೆಟ್ ಕ್ಲಾಸಿಗೆ ಬರಲ್ಲ." ನಾನು ಕ್ಷಮೆ ಕೇಳಿದೆ. ಮರುದಿನ ಮುಖ್ಯೋಪಾಧ್ಯಾಯಿನಿಯೂ, "ಈ ಓಡೋದು, ಹುಡುಕೋದು ಎಲ್ಲ ಸಾಕು ಕಣ್ರೀ. ಪರೇಡ್ ಒಂದಿರ್ಲಿ" ಎಂದರು. ದಿಕ್ಸೂಚಿಗಳನ್ನು ಲೆಕ್ಕ ಮಾಡಿ ಬೀರುವಿಗೆ ಹಾಕಿದೆ. ಭೂಮಿಕಾ ಪರೇಡಿಗೂ ಬರುವುದನ್ನು ಬಿಟ್ಟಳು. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತಳು. ನಾನು ಗದರಿಸಿ ನೋಡಿದೆ, ಪುಸಲಾಯಿಸಿ ನೋಡಿದೆ. ಏನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಒಂದು ನೆಮ್ಮದಿಯೇ ಆಗಿತ್ತು. ಹೆಣ್ಣುಮಕ್ಕಳನ್ನು ಕಾಡಿಗೆ ಬಿಟ್ಟು ಹೊರಗೆ ನಿಂತು ಕಾಯುವ ಆ ಹೊತ್ತನ್ನು ಇನ್ನೊಮ್ಮೆ ಅನುಭವಿಸುವ ಧೈರ್ಯ ನನ್ನಲ್ಲಿರಲಿಲ್ಲ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ನಾಗರತ್ನಮ್ಮ ಶಾಲೆಗೆ ಬಂದರು. ಸೊಪ್ಪು ಮಾರಿ ಮುಗಿಸಿ, ಮುಖ ತೊಳೆದು, ಬೇರೆ ಸೀರೆ ಉಟ್ಟುಕೊಂಡು ಬಂದಿದ್ದರು. "ಮಗಳು ಸರಿಯಾಗಿ ಉಣ್ತಿಲ್ಲ ಮೇಡಮ್ಮೋರೇ. ಕೇಳಿದ್ರೆ ಹೇಳಲ್ಲ. ಸ್ಕೂಲಲ್ಲಿ ಏನಾಯ್ತು?" ಎಂದರು. ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖ ಗಟ್ಟಿಯಾಯಿತು. "ಆ ಮಗೀನ ಮನೆ ಎಲ್ಲೈತೆ? ನಡೀರಿ ಹೋಗಾನ" ಎಂದರು.

ಹೊರಟೆವು. ನಾಗರತ್ನಮ್ಮ, ಭೂಮಿಕಾ ಮತ್ತು ನಾನು. ವಿಳಾಸ ನನ್ನ ಕೈಲಿತ್ತು, ಹೀಗಾಗಿ ಒಂದೇ ಬೀದಿಯನ್ನು ಎರಡು ಸಲ ಸುತ್ತಿದೆವು. ಕೊನೆಗೆ ಭೂಮಿಕಾ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೀದಾ ಬಾಗಿಲಿಗೆ ಕರೆದೊಯ್ದಳು.

ಪ್ರಸಾದ್ ಆಗಷ್ಟೇ ಬ್ಯಾಂಕಿನಿಂದ ಬಂದಿದ್ದರು. ಬನ್ನಿ ಎಂದು ಕೂರಿಸಿದರು. ಅವರ ಹೆಂಡತಿ ಕಾಫಿ ತಂದರು. ನಾಗರತ್ನಮ್ಮ ಲೋಟ ಮುಟ್ಟಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, "ಸಾರ್, ನಾನು ಜಾಸ್ತಿ ಓದ್ದೋಳಲ್ಲ. ಆದ್ರೆ ನನ್ ಮಗಳು ತಪ್ ಮಾಡವ್ಳೆ. ಜೊತೇಲ್ ಹೋದೋಳು ಬಿಟ್ಟು ಓಡಿದ್ದು ತಪ್ಪು. ನಿಮ್ ಮಗಳು ಕಾದವ್ಳೆ. ಅದಕ್ಕೇ ಬಂದೆ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಹೇಳು" ಎಂದರು.

ಭೂಮಿಕಾ ನೆಲ ನೋಡುತ್ತಾ, "ಸಾರಿ ಅಂಕಲ್. ನಂಗೆ ನಕ್ಷೆ ಓದೋಕೆ ಬರಲ್ಲ. ಬರಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಅದಕ್ಕೆ ಓಡ್ಬಿಟ್ಟೆ" ಎಂದಳು.

ಪ್ರಸಾದ್ ಕನ್ನಡಕ ತೆಗೆದು ಒರೆಸಿಕೊಂಡರು. "ನೀನೂ ಚಿಕ್ಕ ಹುಡುಗಿ ಕಣಮ್ಮಾ. ನಿನ್ನ ಮೇಲೆ ಏನಿಲ್ಲ. ಅನಘಾ ದಾರಿ ತಪ್ಪಿ ಅಲ್ಲಿ ಒಬ್ಬಳೇ ಕೂತಿದ್ಲು ಅನ್ನೋದನ್ನ ನೆನೆಸ್ಕೊಂಡ್ರೆ ಮಾತ್ರ ನಂಗೆ..." ಎಂದು ನಿಲ್ಲಿಸಿದರು.

ಬಾಗಿಲ ಸಂದಿಯಲ್ಲಿ ನಿಂತಿದ್ದ ಅನಘಾ ಆಗ ಮಾತಾಡಿದಳು. "ಅಪ್ಪ, ನಾನು ದಾರಿ ತಪ್ಪಿರ್ಲಿಲ್ಲ."

"ಆಯ್ತು ಪುಟ್ಟಿ, ಈಗ ಅದೆಲ್ಲ ಯಾಕೆ."

"ಇಲ್ಲಪ್ಪ, ಕೇಳು. ಎಲ್ರೂ ನಾನು ಕಳೆದುಹೋಗಿದ್ದೆ ಅಂತಿದಾರೆ. ನಾನು ಕಳೆದುಹೋಗಿರ್ಲಿಲ್ಲ. ಎಲ್ಲಿದೀನಿ ಅಂತ ನಂಗೆ ಗೊತ್ತಿತ್ತು. ನಾಲ್ಕು ಬಾವುಟ ನಾನೊಬ್ಬಳೇ ಹುಡುಕಿದೆ. ಮೊದಲು ಭಯ ಆಯ್ತು. ಆಮೇಲೆ ಆಗ್ಲಿಲ್ಲ."

ಆ ಹುಡುಗಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವಳ ಮನೆಯವರೂ ಮೊದಲ ಸಲವೇ ಕೇಳಿದ್ದಿರಬೇಕು. ಅವಳ ತಾಯಿ ತಟ್ಟೆ ಹಿಡಿದು ಹಾಗೇ ನಿಂತುಬಿಟ್ಟರು. ಪ್ರಸಾದ್ ಮಗಳನ್ನೇ ನೋಡುತ್ತಿದ್ದರು. ಆಮೇಲೆ ನಾಗರತ್ನಮ್ಮನವರ ಕಡೆ ತಿರುಗಿ, "ಕಾಫಿ ಆರೋಗತ್ತೆ, ತಗೊಳ್ಳಿ" ಎಂದರು. ನಾಗರತ್ನಮ್ಮ ತೆಗೆದುಕೊಂಡರು.

ಒಪ್ಪಿಗೆ ಸಿಕ್ಕಿತು, ಒಂದು ಷರತ್ತಿನ ಮೇಲೆ. ಭಾನುವಾರದ ಅಭ್ಯಾಸಕ್ಕೆ ಪ್ರಸಾದ್ ಅವರೂ ಬರುತ್ತಾರೆ. ಅದನ್ನೇ ಹಿಡಿದುಕೊಂಡು ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋದೆ. ಪೋಷಕರೇ ಜೊತೆಗಿದ್ದರೆ ನನ್ನದೇನು ಅಭ್ಯಂತರ ಎಂದರು. ಬೀರುವಿನಿಂದ ದಿಕ್ಸೂಚಿಗಳು ಹೊರಬಂದವು.

ಮಲ್ಲಪ್ಪನವರು ಈ ಸಲ ಮೊದಲು ಮಾಡಿದ ಕೆಲಸ, ದಿಕ್ಸೂಚಿಯನ್ನು ಭೂಮಿಕಾಳ ಕೈಗೆ ಕೊಟ್ಟದ್ದು. "ತಪ್ಪು ನಂದ ಐತ್ರಿ ಮೇಡಂ" ಎಂದರು ನನ್ನ ಹತ್ತಿರ. "ಒಬ್ಬಾಕಿ ಕಾಲು, ಒಬ್ಬಾಕಿ ಕಣ್ಣು ಅಂದೆ. ಹಂಗ ಆಗೂದಿಲ್ಲ. ಇಬ್ಬರಿಗೂ ಕಾಲು ಬೇಕು, ಇಬ್ಬರಿಗೂ ಕಣ್ಣು ಬೇಕು." ನಕ್ಷೆ ಓದುವ ಮೊದಲು ನಕ್ಷೆ ಬರೆಯುವುದನ್ನು ಕಲಿ, ನಿನಗೆ ಗೊತ್ತಿರುವ ಜಾಗವನ್ನೇ ಬರೆ ಎಂದು ಭೂಮಿಕಾಳಿಗೆ ಹೇಳಿದರು. ಅವಳು ಮಾರ್ಕೆಟ್ಟನ್ನು ಬರೆದು ತಂದಳು. ಕೊತ್ತಂಬರಿ ಸಾಲು, ಮೆಂತ್ಯದ ಸಾಲು, ಹೂವಿನವರು, ಕೆಸರು ನಿಲ್ಲುವ ಗುಂಡಿ, ಬಾಳೆಎಲೆಯ ಲಾರಿ ನಿಲ್ಲುವ ಮೂಲೆ, ಎಲ್ಲಕ್ಕೂ ಒಂದೊಂದು ಗುರುತು. ಅಷ್ಟು ಚೆಂದದ ನಕ್ಷೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ನೋಡಿಲ್ಲ. ಆದರೆ ಅದರಲ್ಲಿ ದಕ್ಷಿಣ ಮೇಲಿತ್ತು. ಅವಳಮ್ಮ ನಿಂತು ಸೊಪ್ಪು ಕೊಳ್ಳುವ ಜಾಗದಿಂದ ಹಾಗೇ ಕಾಣುತ್ತದಂತೆ. ಭೂಗೋಳದ ಮೇಡಂ ಆದ ನಾನು ಕೆಂಪು ಪೆನ್ನು ತೆಗೆದೆ. ಮಲ್ಲಪ್ಪನವರು ತಡೆದರು. "ಬಾಣಾ ಹಾಕ್ಯಾಳಲ್ರಿ. ಉತ್ತರಾ ಯಾವ ಕಡೆ ಅಂತ ಆಕಿಗೆ ಗೊತ್ತೈತಿ. ಸಾಕು."

ಅನಘಾಳ ಪಾಠ ನಾಗರತ್ನಮ್ಮನವರ ಕೈಯಲ್ಲಾಯಿತು. ರಜೆಯಲ್ಲಿ ನಾಲ್ಕು ದಿನ ಬೆಳಿಗ್ಗೆ ಅವಳನ್ನು ಮಾರ್ಕೆಟ್ಟಿಗೆ ಕರೆದೊಯ್ದರು. ಮೂಟೆ ಹೊತ್ತವರು "ದಾರಿ, ದಾರಿ" ಎಂದು ಕೂಗುತ್ತಾ ನುಗ್ಗುವ ಆ ಜಂಗುಳಿಯಲ್ಲಿ, ಮೊದಲ ದಿನ ಹುಡುಗಿ ನಾಗರತ್ನಮ್ಮನವರ ಸೆರಗು ಬಿಡಲಿಲ್ಲವಂತೆ. ನಾಲ್ಕನೇ ದಿನ ತಾನೇ ಹೋಗಿ ಎರಡು ಕಟ್ಟು ದಂಟಿನ ಸೊಪ್ಪು ಚೌಕಾಸಿ ಮಾಡಿ ತಂದಳಂತೆ. ಸೊಪ್ಪು ಸ್ವಲ್ಪ ಬಾಡಿತ್ತು, ಪರವಾಗಿಲ್ಲ ಎಂದರು ನಾಗರತ್ನಮ್ಮ.

ಇನ್ನು ಪ್ರಸಾದ್. ಮೊದಲ ಭಾನುವಾರ ಟೋಪಿ, ಛತ್ರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ಬಂದು ಒಂದು ಕಲ್ಲುಬೆಂಚಿನ ಮೇಲೆ ಕೂತರು. ಎರಡನೇ ಭಾನುವಾರ ಬಾವುಟಗಳನ್ನು ಯಾರೂ ಬಿಚ್ಚದಂತೆ ಕಾಯುವ ಕೆಲಸ ವಹಿಸಿಕೊಂಡರು. ವಾಕಿಂಗಿನ ಹಿರಿಯರಿಗೆ ಈ ಆಟದ ನಿಯಮಗಳನ್ನು ವಿವರಿಸಿ ಅವರನ್ನೂ ಕಾವಲಿಗೆ ನಿಲ್ಲಿಸಿದರು. ಎರಡು ತಿಂಗಳಾಗುವಷ್ಟರಲ್ಲಿ ಬಾವುಟಗಳನ್ನು ಎಲ್ಲಿ ಕಟ್ಟಬೇಕೆಂದು ಅವರೇ ನಿರ್ಧರಿಸತೊಡಗಿದರು. ಒಂದು ಭಾನುವಾರ ಒಂದು ಬಾವುಟವನ್ನು ಎಷ್ಟು ಜಾಣತನದಿಂದ ಅಡಗಿಸಿದರೆಂದರೆ ಯಾವ ಮಕ್ಕಳಿಗೂ ಸಿಗಲಿಲ್ಲ. ಸಂಭ್ರಮದಿಂದ ತೋರಿಸಲು ಹೋದರು. ಅವರಿಗೂ ಸಿಗಲಿಲ್ಲ. ಆ ಉದ್ಯಾನದಲ್ಲಿ ಎಲ್ಲಾದರೂ ಅರ್ಧ ಕಿತ್ತಳೆ, ಅರ್ಧ ಬಿಳಿಯ ಬಟ್ಟೆ ಕಂಡರೆ ದಯವಿಟ್ಟು ನಮ್ಮ ಶಾಲೆಗೆ ತಲುಪಿಸಿ.

ಈ ವರ್ಷದ ಸ್ಪರ್ಧೆ ಕಳೆದ ವಾರ ಅದೇ ತೋಪಿನಲ್ಲಿ ನಡೆಯಿತು. ಬಾವುಟಗಳ ಜಾಗ ಬೇರೆ, ಕಾಡು ಅದೇ. ಭೂಮಿಕಾ, ಅನಘಾ ಈಗ ಒಂಬತ್ತನೇ ಕ್ಲಾಸು. ಅವರು ಒಳಗೆ ಹೋದ ಮೇಲೆ ನಾನು ಗಡಿಯಾರ ನೋಡಬಾರದೆಂದು ಬಿಚ್ಚಿ ಬ್ಯಾಗಿಗೆ ಹಾಕಿದೆ. ಅದರಿಂದ ಪ್ರಯೋಜನವಾಗಲಿಲ್ಲ, ಪಕ್ಕದವರ ಗಡಿಯಾರ ನೋಡಿದೆ. ಇವರ ಹಿಂದೆ ಹೊರಟ ಮೂರು ಜೋಡಿ ಇವರಿಗಿಂತ ಮೊದಲೇ ಓಡಿ ಬಂದವು. ನಾಲ್ಕನೆಯದೂ ಬಂತು. ಮಲ್ಲಪ್ಪನವರು ಮೀಸೆ ಮುಟ್ಟದೆ ಸುಮ್ಮನೆ ನಿಂತಿದ್ದರು. ಅಷ್ಟರಲ್ಲಿ ತೋಪಿನ ಅಂಚಿನಲ್ಲಿ ಎರಡು ತಲೆ ಕಂಡವು. ಒಂದು ಉದ್ದ, ಒಂದು ಗಿಡ್ಡ. ಓಡುತ್ತಿದ್ದರು, ಒಬ್ಬಳ ಹೆಜ್ಜೆ ಇನ್ನೊಬ್ಬಳಿಗಿಂತ ಮುಂದೆ ಹೋಗದ ಹಾಗೆ. ಗೆರೆಯನ್ನು ಒಟ್ಟಿಗೆ ದಾಟಿ, ಕಾರ್ಡು ಕೊಟ್ಟು, ಅಲ್ಲೇ ಹುಲ್ಲಿನ ಮೇಲೆ ಬಿದ್ದುಕೊಂಡರು.

ವೇಗವಾಗಿ ಬಂದ ಜೋಡಿಗಳಲ್ಲಿ ಹಲವರು ಆತುರದಲ್ಲಿ ಒಂದೊಂದು ಬಾವುಟ ತಪ್ಪಿಸಿಕೊಂಡಿದ್ದರು. ಇವರ ಕಾರ್ಡಿನಲ್ಲಿ ಎಲ್ಲ ತೂತುಗಳೂ ಇದ್ದವು. ಮೈಕಿನಲ್ಲಿ ಮೂರನೇ ಸ್ಥಾನಕ್ಕೆ ನಮ್ಮ ಶಾಲೆಯ ಹೆಸರು ಕೂಗಿದಾಗ ಮಲ್ಲಪ್ಪನವರು ನನಗೆ ಸೆಲ್ಯೂಟ್ ಹೊಡೆದರು. ನನಗೆ ತಿರುಗಿ ಸೆಲ್ಯೂಟ್ ಹೊಡೆಯಲು ಸರಿಯಾಗಿ ಬರುವುದಿಲ್ಲ, ಕೈಮುಗಿದೆ.

ವ್ಯಾನಿನಲ್ಲಿ ವಾಪಸು ಬರುವಾಗ ಕೇಳಿದೆ, "ಮಧ್ಯದಲ್ಲಿ ಅಷ್ಟು ಹೊತ್ತು ಏನ್ ಮಾಡ್ತಿದ್ರಿ? ನಾಲ್ಕು ಟೀಮು ನಿಮ್ಮನ್ನ ದಾಟ್ಕೊಂಡು ಬಂತಲ್ಲ."

"ಜಗಳ ಆಡ್ತಿದ್ವಿ ಮೇಡಂ" ಎಂದಳು ಭೂಮಿಕಾ.

"ಮತ್ತೆ ಜಗಳಾನಾ?"

"ಐದನೇದಕ್ಕೆ ಯಾವ ಕಡೆ ಅಂತ. ನಾನು ಬಂಡೆ ಎಡಕ್ಕೆ ಅಂದೆ, ಇವ್ಳು ಬಲಕ್ಕೆ ಅಂದ್ಲು."

ಅನಘಾ ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ಹೇಳಿದಳು, "ಆದ್ರೆ ಕೂತ್ಕೊಂಡು ಆಡಿದ್ವಿ ಮೇಡಂ. ನಕ್ಷೆನ ನೆಲದ್ಮೇಲೆ ಹಾಸ್ಕೊಂಡು. ನಿಂತ್ಕೊಂಡು ಆಡಿದ್ರೆ ಇವ್ಳು ಓಡ್ಬಿಡ್ತಾಳೆ."

"ಯಾರದು ಸರಿ ಇತ್ತು?"

"ಇಬ್ರದೂ ತಪ್ಪಿತ್ತು" ಎಂದಳು ಭೂಮಿಕಾ. "ಬಂಡೇನೇ ಬೇರೆ."

ನಿನ್ನೆ ಶಿಬಿರದ ಒಪ್ಪಿಗೆ ಪತ್ರಗಳನ್ನು ತೆಗೆದುಕೊಂಡು ಎರಡೂ ಮನೆಗೆ ಹೋಗಿ ಬಂದೆ. ಹತ್ತು ದಿನದ ಶಿಬಿರ, ಪಶ್ಚಿಮದ ಯಾವುದೋ ಊರಿನ ಕಾಡಿನಲ್ಲಿ. ನಾಗರತ್ನಮ್ಮ ಸೊಪ್ಪಿನ ಬುಟ್ಟಿಯ ಪಕ್ಕದಲ್ಲೇ ಕೈ ಒರೆಸಿಕೊಂಡು, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಪ್ರಸಾದ್ ಬ್ಯಾಂಕಿನವರಲ್ಲವೇ, ಕೂತು ಪ್ರತಿಯೊಂದು ಸಾಲನ್ನೂ ಓದಿದರು. ಮಗಳಿಗೆ ಏನಾದರೂ ಆದರೆ ಸಂಘಟಕರು ಹೊಣೆಯಲ್ಲ ಎಂಬ ಸಾಲಿನ ಹತ್ತಿರ ಅವರ ಬೆರಳು ನಿಂತಿತು. ಆಮೇಲೆ ಪೆನ್ನು ತೆಗೆದು ಸಹಿ ಹಾಕಿದರು.

"ಅಲ್ಲಿ ಕಾಡು ಹೇಗಿದೆಯಂತೆ ಮೇಡಂ?" ಎಂದರು.

"ದಟ್ಟವಾಗಿದೆಯಂತೆ ಸಾರ್. ಹಳ್ಳಕೊಳ್ಳ ಜಾಸ್ತಿಯಂತೆ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಪೇರೆಂಟ್ಸ್ ಬರಬಹುದಾ? ಸುಮ್ನೆ, ಬಾವುಟ ಕಟ್ಟೋಕೆ ಸಹಾಯ ಮಾಡೋಕೆ?"

"ಬಿಡಲ್ಲ ಸಾರ್."

"ಹೌದಾ" ಎಂದರು. ಪತ್ರವನ್ನು ಮಡಿಸಿ ನನ್ನ ಕೈಗೆ ಕೊಟ್ಟರು. "ಇರ್ಲಿ. ಬರೋವಾಗ ಅಲ್ಲಿನ ನಕ್ಷೆ ತರೋಕೆ ಹೇಳಿ ಇಬ್ರಿಗೂ. ಇಲ್ಲೇ ಕೂತ್ಕೊಂಡು, ಎಲ್ಲೆಲ್ಲಿ ಹೋಗಿದ್ರು ಅಂತ ಹೇಳಿಸ್ಕೋತೀನಿ."